ಮೂರು ನಿಮಿಷದ ಸಾಲು

ಟೂಸಾನ್, ಅರಿಜೋನಾ
14 ನವೆಂಬರ್ 2023

ಲೂಪ್ ಫೋರ್ಕ್ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರರಾದ ಮಿಸ್ ಮಾರ್ವಾ ಗಿಡ್ಡೆನ್ಸ್ ಅವರ ಸಮ್ಮುಖಕ್ಕೆ,

ಕೆಳಗೆ ಸಹಿ ಮಾಡಿರುವ ಎಮಿಲ್ ಹ್ರೂಷ್ಕಾ ಎಂಬ ನಾನು, ವಯಸ್ಸು ಎಂಬತ್ತಾರು, ನೆಬ್ರಾಸ್ಕಾದ ನಮ್ಮ ಕೌಂಟಿ ನ್ಯಾಯಾಲಯದಲ್ಲಿ ಮೂವತ್ತೆಂಟು ವರ್ಷ ಅರ್ಜಿಗಳನ್ನು ನಕಲು ಮಾಡಿದ ಗುಮಾಸ್ತ, ಹಾಗೂ ತಮ್ಮ ಕಾಲೇಜಿನ ಪಂದ್ಯಗಳ ಅಂಕಪುಸ್ತಕವನ್ನು ನಲವತ್ತೊಂದು ವರ್ಷ ಬರೆದವನು, ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾವು ಈ ಋತುವಿನ ಮೊದಲ ಪಂದ್ಯದಿಂದಲೇ ಫುಲ್‌ಕೋರ್ಟ್ ಪ್ರೆಸ್ ಎಂಬ ಇಡೀ ಅಂಗಳದ ಮುತ್ತಿಗೆಯನ್ನು ಜಾರಿಗೆ ತಂದಿರುವುದನ್ನು ಕಾಲೇಜಿನ ರೇಡಿಯೋ ಮೂಲಕ ಇಲ್ಲಿ ಕುಳಿತೇ ಕೇಳಿದ್ದೇನೆ. ಎದುರಾಳಿಯ ಕೈಗೆ ಚೆಂಡು ಬಂದ ಕ್ಷಣದಿಂದ, ಅವಳದೇ ಬುಟ್ಟಿಯ ಕೆಳಗಿನಿಂದಲೇ, ಐದು ಮಂದಿಯೂ ಮೇಲೆ ಬಿದ್ದು ಉಸಿರಾಡಗೊಡದಿರುವ ಈ ಕ್ರಮ ಅದಕ್ಕೆ ತಕ್ಕ ತಂಡದ ಕೈಯಲ್ಲಿ ಶೋಭಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಮ್ಮ ಪಟ್ಟಿಯಲ್ಲಿರುವವರು ಹತ್ತೇ ಮಂದಿ. ಆ ಹತ್ತರಲ್ಲಿ ಮೂವರು ಆರಡಿ ಮೀರಿದವರು, ನಿಂತಲ್ಲಿ ಗೋಡೆಯಂತಿದ್ದು ಓಟದಲ್ಲೂ ಗೋಡೆಯಂತೆಯೇ ಇರುವವರು. ಒಬ್ಬಳ ಮೊಣಕಾಲಿಗೆ ಪಟ್ಟಿ. ಇನ್ನೊಬ್ಬಳು ರಸಾಯನಶಾಸ್ತ್ರದ ಪ್ರಯೋಗಗಳ ದೆಸೆಯಿಂದ ಮಂಗಳವಾರದ ಅಭ್ಯಾಸಕ್ಕೇ ಬರುವುದಿಲ್ಲ. ನಾಲ್ಕು ಪಂದ್ಯಗಳಲ್ಲಿ ಮೂರನ್ನು ತಾವು ಸೋತಿದ್ದು, ಮೂರನ್ನೂ ಕೊನೆಯ ಎಂಟು ನಿಮಿಷಗಳಲ್ಲೇ ಸೋತಿದ್ದೀರಿ.

1958ರಲ್ಲಿ ಇದೇ ಕಾಲೇಜಿನ ಪುರುಷರ ತಂಡ, ನಾನು ಅದರಲ್ಲಿ ಆಟಗಾರನಾಗಿದ್ದಾಗ, ಇದೇ ಮುತ್ತಿಗೆಯನ್ನು ಹಾಕಿ ಜಿಲ್ಲಾ ಅಂತಿಮ ಪಂದ್ಯವನ್ನು ಇದೇ ರೀತಿ ಕಳೆದುಕೊಂಡಿತು. ಅದಕ್ಕೂ ಕಾರಣ ತಂಡಕ್ಕೆ ಒಗ್ಗದ ಕ್ರಮವೇ.

ಆದಕಾರಣ ಮುತ್ತಿಗೆಯನ್ನು ನಿಲ್ಲಿಸಬೇಕೆಂದೂ, ನಿಲ್ಲಿಸದಿದ್ದಲ್ಲಿ ತಮ್ಮ ನೇಮಕವನ್ನು ಮುಂದುವರಿಸಬಾರದೆಂದೂ ಕೋರಿ, ಮೂವತ್ತೊಂದು ಹಳೆಯ ವಿದ್ಯಾರ್ಥಿಗಳ ಸಹಿಯುಳ್ಳ ಅರ್ಜಿಯನ್ನು ಕ್ರೀಡಾ ಸಮಿತಿಗೆ ಕಳಿಸಿದ್ದೇನೆ. ಬೆನ್ನ ಹಿಂದೆ ಮಾತಾಡುವುದು ನನ್ನ ಅಭ್ಯಾಸವಲ್ಲವಾದ್ದರಿಂದ ಅದರ ನಕಲನ್ನು ತಮಗೂ ಲಗತ್ತಿಸಿದ್ದೇನೆ.

ತಮ್ಮ ವಿಧೇಯ,
ಎಮಿಲ್ ಹ್ರೂಷ್ಕಾ

ಇದು ಎಮಿಲ್‌ನ ತಂಗಿ ಲಿಡ್ಮಿಲಾ ಬರೆಯೋದು. ಲಕೋಟೆ ಅಂಟಿಸೋ ಕೆಲಸ ನಂದು, ಅದಕ್ಕೇ ಎರಡು ಸಾಲು. ಬೇಜಾರು ಮಾಡ್ಕೋಬೇಡಮ್ಮ. ಬೆಳಗ್ಗೆ ಕಾಫಿ ಆರಿದೆ ಅಂತ ನನಗೂ ಹಿಂಗೇ ಅರ್ಜಿ ಕೊಡ್ತಾನೆ.

*

ಲೂಪ್ ಫೋರ್ಕ್, ನೆಬ್ರಾಸ್ಕಾ
24 ನವೆಂಬರ್ 2023

ಮಾನ್ಯ ಹ್ರೂಷ್ಕಾ ಅವರೇ,

ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಬೇಕೆಂದು ನನ್ನಜ್ಜಿ ಕಲಿಸಿದ್ದಾರೆ. ಅರ್ಕನ್ಸಾದಿಂದ ಇಲ್ಲಿಗೆ ಬಂದು ಐದು ತಿಂಗಳಾಯಿತು. ನನ್ನನ್ನು ಇಷ್ಟು ಮರ್ಯಾದೆಯಿಂದ ಕೆಲಸದಿಂದ ತೆಗೆಸಲು ಹೊರಟವರು ನೀವೇ ಮೊದಲಿಗರು.

ನನ್ನ ನೇಮಕ ಒಂದು ವರ್ಷದ್ದು. ಅದನ್ನು ಮುಂದುವರಿಸುವುದೋ ಬೇಡವೋ ಎಂದು ಸಮಿತಿ ಫೆಬ್ರುವರಿ ಹತ್ತರಂದು ತೀರ್ಮಾನಿಸುತ್ತದೆ. ನಿಮ್ಮ ಅರ್ಜಿ ಈಗಾಗಲೇ ಅಧ್ಯಕ್ಷ ಆರ್ಡೆಲ್ ಕುನ್ಜ್ ಅವರ ಮೇಜಿನ ಮೇಲಿದೆ. ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಮ್ಮ ಮನೆಯಲ್ಲಿ ಇಟ್ಟ ಊಟದಲ್ಲಿ ಟರ್ಕಿ ಕೋಳಿ ಕೊಯ್ಯುತ್ತಲೇ ಅವರು ಅದರ ವಿಷಯ ತೆಗೆದರು.

"ಮಾರ್ವಾ, ಆ ಮುತ್ತಿಗೆ ಬಿಟ್ಬಿಡಮ್ಮ. ಎಮಿಲ್ ಬರೆದ ಅಂದ್ರೆ ಮುಗೀತು, ಇಲ್ಲಿ ಅದು ಕೋರ್ಟ್ ಆರ್ಡರ್ ಇದ್ದಂಗೆ."

"ಬಿಟ್ರೆ ನಾನೇನು ಹೇಳ್ಕೊಡ್ಲಿ ಸಾರ್? ನನಗೆ ಬರೋದು ಅದೊಂದೇ."

"ಹಂಗಂತ ಗಟ್ಟಿಯಾಗಿ ಹೇಳ್ಬೇಡ. ಇಲ್ಲಿ ಗೋಡೆಗೆಲ್ಲ ಕಿವಿ, ಅದರಲ್ಲೂ ನಮ್ಮ ಮನೆಯೋಳ ಕಿವಿ."

ತಮಾಷೆಗೆ ಹೇಳಿದ್ದಲ್ಲ. ನನ್ನ ಎತ್ತರ ಐದಡಿ ಮೂರಂಗುಲ. ಹದಿನೆಂಟನೆಯ ವಯಸ್ಸಿನಲ್ಲಿ ಯಾವ ಕಾಲೇಜೂ ನನ್ನತ್ತ ತಿರುಗಿ ನೋಡಲಿಲ್ಲ. ಮುತ್ತಿಗೆ ಹಾಕಿಸುತ್ತಿದ್ದ ಒಬ್ಬ ತರಬೇತುದಾರರಿಗೆ ಮಾತ್ರ ಕುಳ್ಳಿಯೊಬ್ಬಳು ಬೇಕಾಗಿದ್ದಳು. ಅಲ್ಲಿ ನಾವು ಹದಿನೈದು ಮಂದಿ ಇದ್ದೆವು, ಇಲ್ಲಿ ಹತ್ತು ಮಂದಿ, ನಿಜ. ಆದರೆ ಈ ಹತ್ತು ಹುಡುಗಿಯರು ಬೆಳಗ್ಗೆ ಐದಕ್ಕೆ ಎದ್ದು ಹಸು ಕರೆದು, ಆರಕ್ಕೆ ಅಭ್ಯಾಸಕ್ಕೆ ಬರುವವರು. ಇವರಿಗೆ ಆಗದಿದ್ದರೆ ಇನ್ನಾರಿಗೆ ಆದೀತು?

ಒಂದು ವಿನಂತಿ. ಮುತ್ತಿಗೆಯನ್ನು ಕಿವಿಯಿಂದಲೇ ಅಳೆಯುವವರು ನೀವು. ವಿರೋಧಿಸುವುದಾದರೆ ಅಂಕಿ ಕೊಟ್ಟು ವಿರೋಧಿಸಿ, ನಾನು ಓದುತ್ತೇನೆ.

ಮಾರ್ವಾ ಗಿಡ್ಡೆನ್ಸ್

*

ಟೂಸಾನ್
6 ಡಿಸೆಂಬರ್ 2023

ಮಿಸ್ ಗಿಡ್ಡೆನ್ಸ್ ಅವರ ಸಮ್ಮುಖಕ್ಕೆ,

ತಮ್ಮ ಪತ್ರ ತಲುಪಿತು. ಅಂಕಿಗಳನ್ನು ಕೇಳಿರುವಿರಿ. ನಾನು ಈಗಲೂ ಪ್ರತಿ ಪಂದ್ಯಕ್ಕೂ ಅಂಕಪುಸ್ತಕ ಬರೆಯುತ್ತೇನೆ ಎಂಬುದು ತಮಗೆ ತಿಳಿದಿರಲಾರದು. ರೇಡಿಯೋದವನು ಯಾರು ಒಳಹೋದರು, ಯಾರು ಹೊರಬಂದರು ಎಂಬುದನ್ನು ತಪ್ಪದೆ ಹೇಳುತ್ತಾನೆ. ನಿವೃತ್ತಿಯ ದಿನ ನ್ಯಾಯಾಲಯದವರು ಕೊಟ್ಟ ಸ್ಟಾಪ್‌ವಾಚ್ ನನ್ನ ಬಳಿ ಇದೆ. ಪ್ರತಿ ಫೌಲ್‌ನ ಪಕ್ಕದಲ್ಲಿ ನಿಮಿಷವನ್ನು ನಮೂದಿಸುವುದು ನಾನೊಬ್ಬನೇ ಇಟ್ಟುಕೊಂಡು ಬಂದ ಪದ್ಧತಿ. ನನ್ನ ಜಾಗಕ್ಕೆ ಬಂದವರು ಅದನ್ನು ಕೈಬಿಟ್ಟಿದ್ದಾರೆಂದು ಕೇಳಿ ವಿಷಾದವಾಯಿತು.

ಇತ್ತೀಚಿನ ನಾಲ್ಕು ಪಂದ್ಯಗಳ, ಹತ್ತು ಹತ್ತು ನಿಮಿಷದ ಮೊದಲ ಮೂರು ಕಾಲುಭಾಗಗಳಲ್ಲಿ ಎದುರಾಳಿಗಳು ಒಟ್ಟು ಅರವತ್ತೆಂಟು ಬಾರಿ ಚೆಂಡು ಕಳೆದುಕೊಂಡಿದ್ದಾರೆ. ಇದು ನನ್ನ ಅರ್ಜಿಗೆ ಅನುಕೂಲವಾದ ಸಂಗತಿಯಲ್ಲ. ಆದರೂ ದಾಖಲೆಯಲ್ಲಿರುವುದನ್ನು ಮರೆಮಾಚುವುದು ನನ್ನ ವೃತ್ತಿಗೆ ಸಲ್ಲದು. ಕೊನೆಯ ಕಾಲುಭಾಗದಲ್ಲಿ ಅವರು ಕಳೆದುಕೊಂಡದ್ದು ಒಂಬತ್ತೇ ಬಾರಿ. ನಮ್ಮವರು ಮಾಡಿದ ಎಂಬತ್ತು ಫೌಲ್‌ಗಳಲ್ಲಿ ಐವತ್ತೇಳು, ಆಯಾ ಹುಡುಗಿ ಬಿಡುವಿಲ್ಲದೆ ನಾಲ್ಕು ನಿಮಿಷ ಓಡಿದ ನಂತರ ಆದವು. ಕಾಲು ಸೋತಾಗ ಕೈ ಮುಂದಾಗುತ್ತದೆ, ಸೀಟಿ ಮೊಳಗುತ್ತದೆ.

ಇನ್ನೊಂದು ಅಂಶ. ಬ್ರಿಟ್ಟಾ ಊಲಿರ್ ಎಂಬ ಆರಡಿ ಒಂದಂಗುಲದ ಹುಡುಗಿ ಕಳೆದ ಶನಿವಾರ ಮೂವತ್ತೆಂಟು ನಿಮಿಷ ಆಡಿದಳು. ಅದೇ ಪಂದ್ಯದಲ್ಲಿ ಟೆಸ್ ವ್ಯಾಲೆಕ್ ಎಂಬ ಮೊದಲ ವರ್ಷದ ಹುಡುಗಿ ಆಡಿದ್ದು ಎರಡು ನಿಮಿಷ. ಬೆಂಚಿನ ಮೇಲೆ ಕೂತವರಲ್ಲಿ ತಮಗೆ ನಂಬಿಕೆಯಿಲ್ಲವೆಂದೇ ಇದರಿಂದ ತಿಳಿಯಬೇಕಾಗುತ್ತದೆ. ಅರ್ಧ ತಂಡವನ್ನು ನಂಬದವರು ಇಡೀ ಅಂಗಳವನ್ನು ಮುತ್ತುವುದು ಹೇಗೆ? ಅರ್ಜಿಯಲ್ಲಿನ ಕೋರಿಕೆಗೆ ನಾನು ಬದ್ಧನಾಗಿದ್ದೇನೆ.

ಎಮಿಲ್ ಹ್ರೂಷ್ಕಾ

ಮತ್ತೆ ಲಿಡ್ಮಿಲಾ. ಶನಿವಾರ ರೇಡಿಯೋ ಮುಂದೆ ನಿಂತು "ಬ್ರಿಟ್ಟಾ, ಕೂತ್ಕೊಳ್ಳೇ ಮಾರಾಯ್ತಿ!" ಅಂತ ಕಿರುಚಿದ್ದಕ್ಕೆ ಪಕ್ಕದ ಮನೆಯೋರು ನಂಗೇನೋ ಆಯ್ತು ಅಂತ ಓಡಿ ಬಂದ್ರು. ಡಾಕ್ಟರು ಕೊಟ್ಟ ವಾಕರ್ ಮೇಲೆ ಕೋಟು ನೇತಾಕಿದಾನೆ. ಗೋಡೆ ಹಿಡ್ಕೊಂಡೇ ಓಡಾಡ್ತಾನೆ. ಇದನ್ನ ನಾನು ಹೇಳಿಲ್ಲ, ನೀವು ಓದಿಲ್ಲ.

*

ಲೂಪ್ ಫೋರ್ಕ್
18 ಡಿಸೆಂಬರ್ 2023

ಹ್ರೂಷ್ಕಾ ಅವರೇ,

ನಿಮ್ಮ ಅಂಕಿಗಳನ್ನು ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಇಷ್ಟು ನಿಖರವಾಗಿ ನನ್ನ ತಂಡವನ್ನು ಯಾರೂ ನೋಡಿರಲಿಲ್ಲ. ನೀವಂತೂ ನೋಡದೆಯೇ ನೋಡಿದ್ದೀರಿ. ಆದರೆ ನಂಬಿಕೆಯ ಮಾತು ಚುಚ್ಚಿತು. ದಣಿದವರನ್ನು ನಾನು ಕೂರಿಸುವುದಿಲ್ಲವೆಂಬುದು ತಪ್ಪು. ಅವರೇ ಅಂಗಳ ಬಿಟ್ಟು ಬರುವುದಿಲ್ಲ.

ದಣಿದವಳು ಮುಷ್ಟಿ ಎತ್ತಿದರೆ ಸಾಕು, ಮುಂದಿನ ಸೀಟಿಗೆ ಹೊರಗೆ ಕರೆದು ಬೇರೆಯವಳನ್ನು ಕಳಿಸುತ್ತೇನೆ ಎಂಬುದು ಮೊದಲ ದಿನವೇ ನಾನು ಹೇಳಿದ ನಿಯಮ. ಅರ್ಕನ್ಸಾದಲ್ಲಿ ನಾವು ಬಸ್ಸಿಗೆ ಕೈ ತೋರಿಸಿದಷ್ಟು ಸಲೀಸಾಗಿ ಮುಷ್ಟಿ ಎತ್ತುತ್ತಿದ್ದೆವು. ಇಲ್ಲಿ ಹತ್ತು ಪಂದ್ಯಗಳಲ್ಲಿ ಒಂದೇ ಒಂದು ಮುಷ್ಟಿಯೂ ಎದ್ದಿಲ್ಲ. ನಾನಾಗಿ ಹೊರಗೆ ಕರೆದರೆ ನನ್ನನ್ನು ಹಾವು ನೋಡಿದ ಹಾಗೆ ನೋಡುತ್ತಾರೆ, ಮುಂದಿನ ಪಂದ್ಯದಲ್ಲಿ ತಪ್ಪು ಮಾಡಿದವರಂತೆ ಮುದುಡಿ ಆಡುತ್ತಾರೆ. ಮೊನ್ನೆ ಸೋತ ಮೇಲೆ ಬ್ರಿಟ್ಟಾಳನ್ನು ಕೇಳಿದೆ.

"ಕೈ ಯಾಕೆ ಎತ್ತಲಿಲ್ಲ?"

"ಸುಸ್ತಾಗಿರಲಿಲ್ಲ ಕೋಚ್."

"ಮುಖ ಬೀಟ್‌ರೂಟ್ ಆಗಿದೆಯಲ್ಲೇ!"

"ನಮ್ಮ ಮನೆಯೋರ ಮುಖ ಎಲ್ಲಾ ಹಿಂಗೇ ಕೋಚ್. ಅಪ್ಪಂದು ಇನ್ನೂ ಕೆಂಪು."

ಟೆಸ್‌ಳನ್ನು ಕೇಳಿದೆ. ಅವಳು ಶೂ ದಾರ ನೋಡುತ್ತಾ, "ಮಧ್ಯದಲ್ಲಿ ಬಿಟ್ಟು ಬರೋದಾ ಕೋಚ್? ಛೆ, ಯಾರು ಹಂಗೆ ಮಾಡ್ತಾರೆ?" ಅಂದಳು. ಅಷ್ಟೇ.

ನನಗೆ ಅರ್ಥವಾದದ್ದು ಇಷ್ಟು: ನಾನು ಹೊರಗಿನವಳು. ಬೆಂಚಿಗೆ ಬಂದರೆ ಮತ್ತೆ ಕಳಿಸುತ್ತೇನೆಂಬ ಭರವಸೆ ಅವರಿಗಿಲ್ಲ. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಮುತ್ತಿಗೆಯನ್ನು ಬಿಟ್ಟುಬಿಡಬೇಕೆಂದಿದ್ದೇನೆ. ಹತ್ತರಲ್ಲಿ ಏಳು ಸೋತವಳಿಗೆ ಹಟ ಒಪ್ಪುವುದಿಲ್ಲ. ನೀವು ಗೆದ್ದಿರಿ.

ಬ್ರಿಟ್ಟಾಳ ತಾಯಿ ಒಣದ್ರಾಕ್ಷಿಯಂಥದೇನೋ ತುಂಬಿದ, ಕೊಲಾಚೆ ಎಂಬ ಸಿಹಿ ಬನ್ನು ಕೊಟ್ಟು ಕಳಿಸಿದ್ದರು. ಹನ್ನೆರಡನ್ನೂ ಒಬ್ಬಳೇ ತಿಂದೆ. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಮಾರ್ವಾ ಗಿಡ್ಡೆನ್ಸ್

*

ಟೂಸಾನ್
2 ಜನವರಿ 2024

ಮಿಸ್ ಗಿಡ್ಡೆನ್ಸ್ ಅವರಿಗೆ,

ಹೊಸ ವರ್ಷದ ಶುಭಾಶಯಗಳು. ಅರ್ಜಿದಾರನೊಬ್ಬನಿಗೆ ಪ್ರತಿವಾದಿಯು ಶರಣಾದ ಪತ್ರ ಬಂದಾಗ ಸಂತೋಷವಾಗುವುದು ಸಹಜ. ನನಗೆ ಆಗಲಿಲ್ಲ. ತಾವು ತಪ್ಪು ಕಾರಣಕ್ಕಾಗಿ ಶರಣಾಗಿದ್ದೀರಿ. ತಪ್ಪು ಕಾರಣದ ಮೇಲೆ ಬಂದ ತೀರ್ಪನ್ನು ನಾನು ಎಂದೂ ಸಂತೋಷದಿಂದ ನಕಲು ಮಾಡಿದವನಲ್ಲ.

ಟೆಸ್ ವ್ಯಾಲೆಕ್ ಹೇಳಿದ "ಮಧ್ಯದಲ್ಲಿ ಬಿಟ್ಟು ಬರೋದಾ" ಎಂಬ ಮಾತನ್ನು ನಾನು ಮೂರು ಬಾರಿ ಓದಿದೆ. ತಾವು ಅರ್ಕನ್ಸಾದವರು, ತಮಗೆ ತಿಳಿಯದಿರುವುದು ತಪ್ಪಲ್ಲ. ತಮ್ಮ ಹತ್ತು ಹುಡುಗಿಯರೂ, ಅವರ ತಾಯಂದಿರೂ, ನಾನೂ, ಹದಿಮೂರು ತುಂಬಿದ ಬೇಸಿಗೆಯಲ್ಲಿ ಬೀಜದ ಮೆಕ್ಕೆಜೋಳದ ಹೊಲಗಳಲ್ಲಿ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಕೀಳುವ ಕೆಲಸಕ್ಕೆ ಹೋದವರು. ಜುಲೈ ತಿಂಗಳು, ಮುಂಜಾನೆಯ ಇಬ್ಬನಿ, ಮೊಣಕೈಗೆ ಎಲೆಯ ಗೀರು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿನ ಉದ್ದ ಅರ್ಧ ಮೈಲಿ. ಅಲ್ಲಿರುವುದು ಒಂದೇ ಕಾನೂನು: ಹಿಡಿದ ಸಾಲನ್ನು ಮಧ್ಯದಲ್ಲಿ ಬಿಡುವಂತಿಲ್ಲ. 1949ರಲ್ಲಿ ಸಾಲು ಬಿಟ್ಟು ಬಂದ ಹುಡುಗಿಯೊಬ್ಬಳಿಗೆ ಈಗ ಮರಿಮಕ್ಕಳಿದ್ದಾರೆ. ಚರ್ಚಿನ ಊಟದಲ್ಲಿ ಇಂದಿಗೂ ಜನ ಅವಳನ್ನು ಗುರುತು ಹಿಡಿಯುವುದು ಅದರಿಂದಲೇ.

ತಾವು ಮುಷ್ಟಿ ಎತ್ತಿರೆಂದು ಹೇಳಿದಾಗ ಅವರ ಕಿವಿಗೆ ಬಿದ್ದದ್ದು, ಸಾಲು ಬಿಟ್ಟು ಬಾ ಎಂಬುದಾಗಿ. ಇದರಲ್ಲಿ ತಮ್ಮ ಮೇಲಿನ ಅಪನಂಬಿಕೆ ಏನೂ ಇಲ್ಲ. ಅವರಿಗೆ ಸಾಲಿನ ಕೊನೆ ಎಲ್ಲಿದೆಯೆಂದು ಯಾರೂ ತೋರಿಸಿಲ್ಲ, ಅಷ್ಟೇ.

ಆದ್ದರಿಂದ ಸೂಚಿಸುವುದೇನೆಂದರೆ, ಸಾಲನ್ನು ಚಿಕ್ಕದು ಮಾಡಿ. ಮೂರು ನಿಮಿಷವೇ ಒಂದು ಸಾಲು ಎಂದು ಘೋಷಿಸಿ. ಹೊಲದಲ್ಲಿ ಸಾಲಿನ ಕೊನೆಗೆ ಕಿತ್ತಳೆ ಬಣ್ಣದ ನೀರಿನ ಜಾಡಿ ಇಟ್ಟಿರುತ್ತಾರೆ, ಅಂಥದೊಂದನ್ನು ತಮ್ಮ ಬೆಂಚಿನ ತುದಿಗೆ ಇಡಿ. ಮೊದಲು ಮುಗಿಸಿದವರು ನೀರು ಕುಡಿದು, ಹಿಂದುಳಿದವರ ಸಾಲಿಗೆ ಆ ತುದಿಯಿಂದ ನುಗ್ಗಿ ಕೈಗೂಡಿಸುವುದು ಅಲ್ಲಿನ ವಾಡಿಕೆ. ಅದನ್ನೂ ನೆನಪಿಸಿ. ಮುಷ್ಟಿಯ ಮಾತನ್ನು ಎತ್ತಲೇಬೇಡಿ.

ಈ ಪತ್ರದಿಂದ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಭಾವಿಸತಕ್ಕದ್ದಲ್ಲ.

ಎಮಿಲ್ ಹ್ರೂಷ್ಕಾ

ಅಕ್ಷರ ಸೊಟ್ಟ ಇದೆ ಅಲ್ವಾ? 27ನೇ ತಾರೀಕು ಮೇಲಿನ ಕಪಾಟಿಂದ ಹಳೇ ಪುಸ್ತಕ ಇಳಿಸೋಕೆ ಹೋಗಿ ಬಿದ್ದ. ಮಣಿಕಟ್ಟಿಗೆ ಪಟ್ಟಿ ಕಟ್ಟಿದಾರೆ. "ನನ್ನ ಯಾಕೋ ಕೂಗಲಿಲ್ಲ, ಪಕ್ಕದ ಕೋಣೇಲೇ ಇದ್ನಲ್ಲ" ಅಂದ್ರೆ, "ನೀನು ಟೀವಿ ನೋಡ್ತಿದ್ದೆ" ಅಂತಾನೆ. ಇಪ್ಪತ್ತು ನಿಮಿಷ ನೆಲದ ಮೇಲೆ ಬಿದ್ದಿದ್ದ ಪುಣ್ಯಾತ್ಮ! ಆಮೇಲೆ, ಕೊಲಾಚೆಗೆ ಗಸಗಸೆನೇ ಸರಿ. ಊಲಿರ್ ಮನೆಯೋರಿಗೆ ಅದು ಯಾವತ್ತೂ ತಿಳೀಲಿಲ್ಲ. — ಲಿ.

*

ಲೂಪ್ ಫೋರ್ಕ್
15 ಜನವರಿ 2024

ಮಿಸ್ಟರ್ ಎಮಿಲ್,

ನಮ್ಮೂರಿನಲ್ಲಿ ಹಿರಿಯರ ಮೇಲೆ ಅಕ್ಕರೆ ಹುಟ್ಟಿದರೆ ಹೀಗೇ ಕರೆಯುವುದು. ಅರ್ಜಿ ಹಿಂತೆಗೆದುಕೊಂಡಂತೆ ಭಾವಿಸಿಲ್ಲ, ಹೆದರಬೇಡಿ.

ಕಿತ್ತಳೆ ಜಾಡಿಯನ್ನು ಹುಡುಕಬೇಕಾಗಲಿಲ್ಲ. ಬ್ರಿಟ್ಟಾಳ ಪಿಕಪ್ ಗಾಡಿಯಲ್ಲೇ ಒಂದಿತ್ತು, ಮೇಲೆ ಕಳೆದ ಜುಲೈ ತಿಂಗಳ ಕೆಸರು ಇನ್ನೂ ಇತ್ತು. ರಜೆಯ ನಂತರದ ಮೊದಲ ಅಭ್ಯಾಸದಲ್ಲಿ ಅದನ್ನು ಬೆಂಚಿನ ತುದಿಗೆ ಇಟ್ಟು, ನಿಮ್ಮ ಮಾತನ್ನೇ ಹೇಳಿದೆ: "ಮೂರು ನಿಮಿಷ ಒಂದು ಸಾಲು. ಮುಗಿದ ಮೇಲೆ ಮೊದಲು ಸಿಗೋ ಸೀಟಿಗೆ ಹೊರಗೆ ಬರಬೇಕು, ನೀರು ಕುಡೀಬೇಕು. ಆಮೇಲೆ ಇನ್ನೊಂದು ಸಾಲು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ರಿಟ್ಟಾ ಕೇಳಿದಳು, "ಬರೀ ಮೂರೇ ನಿಮಿಷನಾ ಕೋಚ್?"

"ಹೂಂ."

"ಅಷ್ಟೇ ಆದ್ರೆ ಕತ್ತೆ ಥರ ಓಡಬಹುದಲ್ಲ!"

"ಅದನ್ನೇ ಕಣೇ ನಾನು ಆಗಸ್ಟ್‌ನಿಂದ ಕೇಳ್ತಿರೋದು!"

ಎರಡು ಪಂದ್ಯ ಆಡಿದೆವು, ಎರಡನ್ನೂ ಗೆದ್ದೆವು. ನೀವು ಬರೆದುಕೊಂಡೇ ಇರುತ್ತೀರಿ. ರೇಡಿಯೋದಲ್ಲಿ ಕೇಳಿಸದ್ದನ್ನು ಹೇಳುತ್ತೇನೆ. ಬ್ರಿಟ್ಟಾ ಪ್ರತಿ ಬಾರಿ ಹೊರಬಂದಾಗಲೂ ಬಾಯಿ ಒರೆಸಿಕೊಳ್ಳುವ ಮೊದಲೇ "ನನ್ನ ಮುಂದಿನ ಸಾಲು ಯಾವಾಗ?" ಎಂದು ಕೇಳುತ್ತಾಳೆ. ನೀವು ಎರಡೇ ನಿಮಿಷ ಎಂದು ದೂರಿದ್ದ ಟೆಸ್ ಈಗ ಹದಿನೆಂಟು ನಿಮಿಷ ಆಡುತ್ತಾಳೆ. ಅವಳ ಕೈ ಎದುರಾಳಿಯ ಚೆಂಡನ್ನು ಹೇಗೆ ಕೀಳುತ್ತದೆಂದರೆ, ಸೂಲಂಗಿ ಕೀಳುವುದೆಂದರೇನೆಂದು ನನಗೆ ಈಗ ಪೂರ್ತಿ ಅರ್ಥವಾಯಿತು. ಕೊನೆಯ ಕಾಲುಭಾಗದಲ್ಲಿ ಸೇಂಟ್ ಬ್ರೆಂಡನ್ ಕಾಲೇಜಿನ ಹುಡುಗಿಯರು ಸೊಂಟ ಹಿಡಿದು ನಿಂತಿದ್ದರು. ನಮ್ಮವರು ಜಾಡಿಯ ಹತ್ತಿರ ಜೋಕು ಹೇಳಿಕೊಂಡು ನಗುತ್ತಿದ್ದರು.

ಒಂದು ಕುತೂಹಲ. ಜಿಮ್‌ನ ಹಜಾರದಲ್ಲಿ ನಿಮ್ಮ 1958ರ ತಂಡದ ಚಿತ್ರವಿದೆ, ಕೆಳಗೆ ಆ ಅಂತಿಮ ಪಂದ್ಯದ ಅಂಕಪುಸ್ತಕವನ್ನು ತೆರೆದಿಟ್ಟಿದ್ದಾರೆ. ಏಳು ಹೆಸರುಗಳಿವೆ, ಅದರಲ್ಲಿ ಇಬ್ಬರು ಒಂದು ನಿಮಿಷವೂ ಆಡಿಲ್ಲ. ನಿಮ್ಮ ತರಬೇತುದಾರರು ಅವರನ್ನು ಯಾಕೆ ಕಳಿಸಲಿಲ್ಲ? ನನ್ನ ಹಾಗೆ ಅವರೂ ಹೊರಗಿನವರೇ?

ನಿಮ್ಮ ಮಾರ್ವಾ

*

ಲೂಪ್ ಫೋರ್ಕ್
29 ಜನವರಿ 2024

ಮಿಸ್ಟರ್ ಎಮಿಲ್,

ಎರಡು ವಾರವಾಯಿತು, ನಿಮ್ಮ ಪತ್ರವಿಲ್ಲ. ಆರು ಪಂದ್ಯಗಳಲ್ಲಿ ಐದು ಗೆದ್ದಿದ್ದೇವೆ. ಅಂಚೆಯ ಡಬ್ಬಿ ತೆಗೆಯುವಾಗ ಮಾತ್ರ ಸೋತವಳಂತೆ ಅನಿಸುತ್ತದೆ.

ಅರ್ಜಿ ಹಿಂತೆಗೆದುಕೊಳ್ಳಲು ನಾನು ಒತ್ತಾಯಿಸುತ್ತಿದ್ದೇನೆಂದು ನಿಮಗೆ ಅನಿಸಿರಬಹುದು. ಹಾಗಿಲ್ಲ. ಅದು ಇದ್ದಲ್ಲೇ ಇರಲಿ. ಶನಿವಾರ ಹತ್ತರಂದು ಸಮಿತಿಯ ಏಳು ಮಂದಿಯ ಮುಂದೆ ನಾನೇ ನಿಂತು ಮಾತಾಡುತ್ತೇನೆ. ಆರ್ಡೆಲ್ ಅವರು ನಿನ್ನೆ ಸಿಕ್ಕಿದ್ದರು. "ಗೆಲ್ತಾ ಇದೀಯ, ಚೆನ್ನಾಗಿದೆ. ಆದ್ರೆ ಮೂವತ್ತೊಂದು ಸಹಿ ಅಂದ್ರೆ ಮೂವತ್ತೊಂದು ಸಹಿ ಕಣಮ್ಮ" ಅಂದರು. ಇಬ್ಬರು ಸದಸ್ಯರು ಆಗಲೇ ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದಾರಂತೆ.

ನನಗೆ ಬೇಕಾದದ್ದು ನಿಮ್ಮ ಎರಡು ಸಾಲು, ಅಷ್ಟೇ. ಬೈದು ಬರೆದರೂ ಸರಿ. 1958ರ ಬಗ್ಗೆ ಕೇಳಬಾರದ್ದನ್ನು ಕೇಳಿದ್ದರೆ ಕ್ಷಮಿಸಿ.

ಮಾರ್ವಾ

*

ಟೂಸಾನ್
2 ಫೆಬ್ರುವರಿ 2024

ಪ್ರಿಯ ಮಾರ್ವಾ ಅವರಿಗೆ,

ತಾವು ಕೇಳಬೇಕಾದ್ದನ್ನೇ ಕೇಳಿದಿರಿ. ಅರವತ್ತಾರು ವರ್ಷಗಳಲ್ಲಿ ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಯಾರೂ ಆ ಎರಡು ಖಾಲಿ ಸಾಲುಗಳನ್ನು ಓದಲಿಲ್ಲ. ಉತ್ತರ ಬರೆಯಲು ಹದಿನೈದು ದಿನ ಹಿಡಿದದ್ದು ಕೈನೋವಿನಿಂದಲ್ಲ.

ನಮ್ಮ ತರಬೇತುದಾರರು ಹೊರಗಿನವರಾಗಿರಲಿಲ್ಲ. ಪಕ್ಕದ ಹೊಲದವರು, ಮಿಲೊ ಸೆಡ್ಲಾಚೆಕ್ ಎಂದು ಹೆಸರು. ಕೊನೆಯ ಐದು ನಿಮಿಷಗಳಲ್ಲಿ ಅವರು ನನ್ನನ್ನು ಮೂರು ಬಾರಿ ಕೇಳಿದರು. "ಎಮಿಲ್, ಬರ್ತೀಯೇನೋ? ರೇಮಂಡ್ ಕೂತೇ ಇದಾನೆ." ಮೂರು ಬಾರಿಯೂ ತಲೆಯಾಡಿಸಿದೆ. ಮೂರನೆಯ ಬಾರಿ ನಕ್ಕೂ ಬಿಟ್ಟೆ, ಏನೂ ಆಗಿಲ್ಲವೆಂದು ತೋರಿಸಲು. ನನಗೆ ಆಗ ಕಾಲುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾನು ತಡೆಯಬೇಕಾಗಿದ್ದ ಎದುರಾಳಿ ಹುಡುಗ ಕೊನೆಯ ಮೂರು ಬುಟ್ಟಿಗಳನ್ನು ಹಾಕಿದ. ಅರವತ್ತೊಂದು, ಐವತ್ತೆಂಟು.

ಮರುದಿನ ಊರಿನವರು ಮುತ್ತಿಗೆಯನ್ನು ಬೈದರು. ನಾನು ಸುಮ್ಮನಿದ್ದೆ. ಬರಬರುತ್ತಾ ನಾನೂ ಬೈಯತೊಡಗಿದೆ, ಕೊನೆಗೆ ಅದನ್ನೇ ನಂಬಿದೆ. ಆ ತಂಡ ಮುತ್ತಿಗೆಗೆ ಒಗ್ಗಿತ್ತು. ಒಗ್ಗದವನು ನಾನೊಬ್ಬನೇ, ಅದೂ ಐದು ನಿಮಿಷದ ಮಟ್ಟಿಗೆ. ರೇಮಂಡ್ ಮುಂದೆ ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕುಳಿತು ಪಂದ್ಯದ ಗಡಿಯಾರ ನೋಡಿಕೊಂಡ. ಈ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು ಈಗ ತಮಗೆ ಹೇಳುತ್ತಿದ್ದೇನೆ.

ಇದೆಲ್ಲವನ್ನೂ ಸೇರಿಸಿ, ಹಿಂದಿನ ಅರ್ಜಿಯ ವಿರುದ್ಧ ಎರಡನೆಯ ಅರ್ಜಿಯನ್ನು ಇಂದೇ ಸಮಿತಿಗೆ ಕಳಿಸಿದ್ದೇನೆ. ಸಹಿ ಮಾಡಿದ್ದ ಉಳಿದ ಮೂವತ್ತು ಮಂದಿಗೂ ನಾನೇ ಫೋನು ಮಾಡಿದೆ. ಇಪ್ಪತ್ತೆಂಟು ಮಂದಿ ಸಹಿ ಹಿಂತೆಗೆದುಕೊಂಡರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರಿಗೆ ಕಿವಿ ಕೇಳದ್ದರಿಂದ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮೂವತ್ತೊಂದನೆಯವನು ನಾನು.

ತಮ್ಮ ವಿಧೇಯ,
ಎಮಿಲ್ ಹ್ರೂಷ್ಕಾ

ಮೂರು ದಿನ ಫೋನು ಬಿಟ್ಟಿಲ್ಲ. ಒಬ್ಬೊಬ್ಬರಿಗೂ ಆ 58ರ ಕಥೆ ಮೊದಲಿಂದ ಹೇಳಿದಾನೆ. ಮೊದಲನೇ ಸಲ ಅರ್ಧಕ್ಕೇ ಫೋನು ಇಟ್ಟು ಮತ್ತೆ ಮಾಡಿದ. ಹತ್ತನೇ ಸಲ ಹೊತ್ತಿಗೆ ನಗ್ತಾ ಹೇಳ್ತಿದ್ದ. ಅಷ್ಟೂ ವರ್ಷದಿಂದ ನನಗೂ ಹೇಳಿರಲಿಲ್ಲ ನೋಡಿ, ಕಳ್ಳ. — ಲಿ.

*

ಲೂಪ್ ಫೋರ್ಕ್
11 ಫೆಬ್ರುವರಿ 2024

ಪ್ರೀತಿಯ ಮಿಸ್ಟರ್ ಎಮಿಲ್,

ಮೊದಲು ತೀರ್ಪು: ಪರವಾಗಿ ಐದು, ವಿರುದ್ಧ ಎರಡು. ಎರಡು ವರ್ಷದ ನೇಮಕ. ನಾನು ಇಲ್ಲೇ ಇರುತ್ತೇನೆ!

ಈಗ ಕಥೆ. ಆರ್ಡೆಲ್ ಅವರು ಕನ್ನಡಕ ಹಾಕಿಕೊಂಡು ನಿಮ್ಮ ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿದರು. ಅರ್ಧಕ್ಕೆ ನಿಲ್ಲಿಸಿ, "ಇದೇನ್ರಪ್ಪಾ, ಎಮಿಲ್ ತನ್ನ ಮೇಲೆ ತಾನೇ ಕೇಸು ಹಾಕ್ಕೊಂಡಿದಾನೆ!" ಅಂದರು. ಎಲ್ಲರೂ ನಕ್ಕರು. ಆಮೇಲೆ 1958ರ ಭಾಗ ಬಂತು. ಆಗ ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಸದಸ್ಯೆಯೊಬ್ಬರು ಕಣ್ಣೊರೆಸಿಕೊಂಡು, "ರೇಮಂಡ್ ನಮ್ಮಪ್ಪ. ಅವರಿಗೆ ಎಮಿಲ್ ಮೇಲೆ ಸಿಟ್ಟೇ ಇರಲಿಲ್ಲ. 'ನಾನಾಗಿದ್ರೂ ಬರ್ತಿರಲಿಲ್ಲ' ಅಂತಿದ್ರು" ಅಂದರು. ಇದನ್ನು ನಿಮಗೆ ಬರೆಯಲೇಬೇಕೆಂದು ನನ್ನ ಕೈ ಹಿಡಿದು ಹೇಳಿದರು.

ವಿರುದ್ಧ ಮತ ಹಾಕಿದ ಇಬ್ಬರಲ್ಲಿ ಒಬ್ಬರು ಹೊರಗೆ ಸಿಕ್ಕಿ, "ಆ ಕಿತ್ತಳೆ ಜಾಡಿ ಬಹಳ ಕೊಳಕಾಗಿದೆ, ಅದಕ್ಕೇ ಬೇಡ ಅಂದೆ" ಅಂದರು. ತೊಳೆಯುತ್ತೇನೆಂದು ಮಾತು ಕೊಟ್ಟಿದ್ದೇನೆ. ಬ್ರಿಟ್ಟಾ ಒಪ್ಪುತ್ತಿಲ್ಲ, ಅದೃಷ್ಟ ತೊಳೆದುಹೋಗುತ್ತದಂತೆ.

ಶನಿವಾರ ಇಪ್ಪತ್ತನಾಲ್ಕರಂದು ನಮ್ಮ ಅಂಗಳದಲ್ಲಿ ಕೊನೆಯ ಪಂದ್ಯ. ಅಂಕಪುಸ್ತಕದ ಮೇಜಿನಲ್ಲಿ ನಿಮ್ಮ ಹಳೆಯ ಕುರ್ಚಿ ಹಾಕಿಸುತ್ತೇನೆ. ಬನ್ನಿ. ಪಂದ್ಯ ಮಧ್ಯಾಹ್ನ ಎರಡಕ್ಕೆ. ಜಿಮ್ಮಿಗೆ ಹನ್ನೊಂದು ಮೆಟ್ಟಿಲುಗಳಿವೆ ಎಂಬುದು ನಿಮಗೆ ಗೊತ್ತೇ ಇದೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ನಿಮ್ಮ ಮಾರ್ವಾ

*

ಟೂಸಾನ್
16 ಫೆಬ್ರುವರಿ 2024

ಲೂಪ್ ಫೋರ್ಕ್ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ತರಬೇತುದಾರರಾದ, ಇನ್ನೂ ಎರಡು ವರ್ಷ ಹಾಗೆಯೇ ಇರತಕ್ಕ, ಮಿಸ್ ಮಾರ್ವಾ ಗಿಡ್ಡೆನ್ಸ್ ಅವರ ಸಮ್ಮುಖಕ್ಕೆ,

ರೇಮಂಡ್‌ನ ಮಗಳ ಮಾತನ್ನು ಓದಿದೆ. ಅದಕ್ಕೆ ಉತ್ತರವನ್ನು ಅವರಿಗೇ ಮುಖತಃ ಕೊಡುತ್ತೇನೆ.

ತಮ್ಮ ಆಹ್ವಾನವನ್ನು ಒಪ್ಪಿ, ಕೆಳಗೆ ಸಹಿ ಮಾಡಿರುವ ನಾನು ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಸ್ವಂತಕ್ಕಾಗಿ ಬರೆಯುತ್ತಿರುವ ಅರ್ಜಿಯೇನೆಂದರೆ: ಒಮಾಹಾದ ವಿಮಾನ ನಿಲ್ದಾಣದಲ್ಲಿ ನನಗೊಂದು ಗಾಲಿಕುರ್ಚಿ ಕಾದಿರುವಂತೆ ತಾವು ಏರ್ಪಡಿಸಬೇಕು. ಜಿಮ್ಮಿನ ಹನ್ನೊಂದು ಮೆಟ್ಟಿಲುಗಳನ್ನು ನಾನೊಬ್ಬನೇ ಹತ್ತಲಾರೆ. ಒಂದು ಪಕ್ಕಕ್ಕೆ ಬ್ರಿಟ್ಟಾ ಊಲಿರ್ ಅವರ ತೋಳನ್ನು ಕೋರುತ್ತೇನೆ, ಅವರ ಎತ್ತರ ಇದಕ್ಕೆ ತಕ್ಕುದಾಗಿದೆ. ಆರನೆಯ ಮೆಟ್ಟಿಲಲ್ಲಿ ನಿಲ್ಲುತ್ತೇನೆ, ಯಾರೂ ಅವಸರಪಡಿಸಬಾರದು. ಪುಸ್ತಕವನ್ನು ಮೊದಲೆರಡು ಕಾಲುಭಾಗಗಳಿಗೆ ಮಾತ್ರ ಬರೆಯುತ್ತೇನೆ. ನನ್ನ ಮಣಿಕಟ್ಟು ಇನ್ನೂ ಪೂರ್ತಿ ವಾಸಿಯಾಗಿಲ್ಲ. ಉಳಿದದ್ದನ್ನು ಈಗ ಅಲ್ಲಿ ಬರೆಯುತ್ತಿರುವವರು ಬರೆಯಲಿ, ಫೌಲ್‌ನ ಪಕ್ಕದಲ್ಲಿ ನಿಮಿಷ ನಮೂದಿಸುವುದನ್ನು ನಾನು ತೋರಿಸಿಕೊಡುತ್ತೇನೆ.

ಮಣಿಕಟ್ಟಿನ ವಿಷಯ ತಮಗೆ ಈಗಾಗಲೇ ತಿಳಿದಿದೆಯೆಂದು ನನಗೆ ಗೊತ್ತು. ಲಕೋಟೆ ಅಂಟಿಸುವ ಮೊದಲು ನನ್ನ ತಂಗಿ ಕೆಳಗೆ ಗೀಚುತ್ತಾಳೆಂಬುದು ನವೆಂಬರ್‌ನಿಂದಲೂ ಗೊತ್ತು. ಅವಳ ಬೆರಳಿನ ಶಾಯಿ ನನ್ನ ಶಾಯಿಯಲ್ಲ. ಹೇಳಬೇಕಾದ್ದನ್ನು ಯಾರಾದರೂ ಹೇಳುತ್ತಿದ್ದಾರಲ್ಲ ಎಂದು ಸುಮ್ಮನಿದ್ದೆ.

ಈ ಪತ್ರವನ್ನು ಎತ್ತಿದ ಮುಷ್ಟಿಯೆಂದು ಪರಿಗಣಿಸತಕ್ಕದ್ದು.

ಎಮಿಲ್ ಹ್ರೂಷ್ಕಾ

ಅಯ್ಯೋ, ಎಲ್ಲಾ ಗೊತ್ತಿತ್ತಂತೆ! ನಾನೂ ಬರ್ತಿದೀನಿ, ಗಸಗಸೆ ಕೊಲಾಚೆ ಎರಡು ಡಜನ್ ಮಾಡ್ಕೊಂಡು. ಊಲಿರ್ ಮನೆಯೋರು ತಿಂದು ಕಲೀಲಿ. ಬೆಳಗ್ಗೆ ವಾಕರ್ ಮೇಲಿಂದ ಕೋಟು ತಾನೇ ತೆಗೆದು ಬೀರುವಲ್ಲಿಟ್ಟ. ಇದನ್ನ ಅಂಚೆಪೆಟ್ಟಿಗೆಗೆ ಹಾಕೋಕೆ ಅವನೇ ಹೊರಟಿದಾನೆ, ಆ ವಾಕರ್ ತಳ್ಕೊಂಡು. ದಾರೀಲಿ ಎರಡು ಕಡೆ ನಿಂತ್ಕೋತೀನಿ, ನೀರಿನ ಬಾಟ್ಲಿ ತಗೊಂಡು ಜೊತೆಗೆ ಬಾ ಅಂತ ನನ್ನ ಕೂಗ್ತಾ ಇದಾನೆ. — ಲಿ.